ಕಪ್ಪೆಯ ಬೆನ್ನಿಗೆ ಕಿಟಕಿ

ಗಾರೆ ಕೆಲಸದವನು ಸಾಯುವ ಹಿಂದಿನ ದಿನ ಬೆಳಗ್ಗೆ, ಹೆಂಡತಿ ಮತ್ತೆ ಅದೇ ರಾಗ ಎಳೆದಳು.

"ಹೊಗೆ ಹೋಗೋಕೆ ದಾರಿ ಇಲ್ಲ ರೀ. ಒಂದು ಕಿಟಕಿ ಇಡಿ."

"ಕಪ್ಪೆ ಬೆನ್ನಲ್ಲಿ ಕಿಟಕಿ ಇರುತ್ತೇನೇ?"

"ಕಪ್ಪೆ ಹೊಟ್ಟೇಲಿ ಹೆಂಡ್ತಿ ಇರ್ತಾಳಾ?"

ಕುಡಿಯುತ್ತಿದ್ದ ಟೀ ಮೂಗಿಗೇರುವಷ್ಟು ನಕ್ಕ.

ಹೆದ್ದಾರಿ ಪಕ್ಕದ ಆ ಊರಿನಲ್ಲಿ ಮೊದಲು ಬಸ್ಸು ನಿಲ್ಲುತ್ತಿರಲಿಲ್ಲ. ಅವನು ತನ್ನ ಒಂದು ಕೋಣೆಯ ಮನೆಯ ಸುತ್ತ ಕಂಬಿ ಬಗ್ಗಿಸಿ, ಸಿಮೆಂಟು ಮೆತ್ತಿ, ಮೂರಾಳೆತ್ತರದ ಹಸಿರು ಕಪ್ಪೆ ಮಾಡಿದ. ಆಮೇಲೆ ಬಸ್ಸುಗಳು ನಿಂತವು. ಜನ ಇಳಿದು ಫೋಟೋ ತೆಗೆಸಿಕೊಂಡರು. ಎದುರಿಗೆ ಹೋಟೆಲು ಬಂತು, ಗೊಂಬೆ ಅಂಗಡಿ ಬಂತು. ಬೆನ್ನು ದುಂಡಗೆ ಬರಲೆಂದು ಅಡುಗೆಮೂಲೆಯ ಕಿಟಕಿ ಮುಚ್ಚಿದ್ದ. ಮನೆಗೆ ಉಳಿದದ್ದು ಕಪ್ಪೆಯ ಬಾಯಿ ಒಂದೇ. ಅವಳು ಹೊರಗೆ ಕಾಲಿಟ್ಟರೆ ಸಾಕು, "ಕಪ್ಪೆ ಉಗುಳ್ತು ನೋಡ್ರೋ" ಎಂದು ಯಾರಾದರೂ ಫೋಟೋ ಹೊಡೆಯುತ್ತಿದ್ದರು. ಹೊರಗೆ ಬರುವುದನ್ನೇ ಕಡಿಮೆ ಮಾಡಿದಳು.

ಅವತ್ತು ಅವನು ಒಲೆಯಿಂದ ಇದ್ದಿಲು ತೆಗೆದು, ಒಲೆ ಮೇಲಿನ ಗೋಡೆಗೆ ಚೌಕವಾಗಿ ಗೆರೆ ಎಳೆದ.

"ನಾಳೆ ಕಪ್ಪೆ ಕಣ್ಣಿಗೆ ಬಣ್ಣ ಹೊಡೆದು ಮುಗಿಸ್ತೀನಿ. ಆಮೇಲೆ ಇದೇ ಕೆಲಸ. ಸರಿನಾ?"

ಸಂಜೆ ಅವಳು ಹಳೆ ಸೀರೆ ಕತ್ತರಿಸಿ ಪರದೆ ಹೊಲಿದಿಟ್ಟಳು.

ಮಾರನೆಯ ದಿನ ಏಣಿ ಜಾರಿತು. ಕಪ್ಪೆಯ ಬಲಗಣ್ಣು ಅರ್ಧಕ್ಕೇ ನಿಂತಿತು. ಅವನನ್ನು ಒಳಗೆ ತಂದದ್ದೂ ಆ ಬಾಯಿಂದಲೇ, ಹೊರಗೆ ಒಯ್ದದ್ದೂ ಆ ಬಾಯಿಂದಲೇ.

ನೆಂಟರೆಲ್ಲ ಹೋದ ಮೇಲೆ ಮೈದುನನನ್ನು ಕರೆಸಿದಳು. ಅವನೂ ಗಾರೆಯವನೇ. ಸುತ್ತಿಗೆ ಸದ್ದು ಕೇಳಿ ಹೋಟೆಲಿನವನು ಓಡಿ ಬಂದ.

"ಅಮ್ಮಾ, ಇದನ್ನ ಒಡೆದ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗೆ."

"ನಿಮ್ಮ ಹೋಟೆಲಿಗೆ ಎಷ್ಟು ಕಿಟಕಿ ಇವೆ?"

ಅವಳು ಮೈದುನನ ಕಡೆ ತಿರುಗಿದಳು.

"ಗುರುತು ಹಾಕಿದ್ದು ನಮ್ಮ ಯಜಮಾನರೇ. ನೀನು ಹೊಡಿಯಪ್ಪ."

ಮೈದುನ ಗೆರೆಯೊಳಗೆ ಸ್ವಲ್ಪ ಕೆತ್ತಿದ. ಒಂದು ಕಂಬಿ ಕಂಡಿತು. ಪಕ್ಕದಲ್ಲೇ ಇನ್ನೊಂದು. ಉಳಿ ಕೆಳಗಿಟ್ಟ.

"ಅತ್ತಿಗೆ, ಬೆನ್ನಿನ ಭಾರವೆಲ್ಲ ಈ ಕಂಬಿಗಳ ಮೇಲೇ ಇದೆ. ಕತ್ತರಿಸಿದ್ರೆ ಎಲ್ಲಾ ನಿಮ್ಮ ತಲೆ ಮೇಲೆ ಕೂರುತ್ತೆ."

"ನಿಮ್ಮಣ್ಣಂಗೆ ಗೊತ್ತಿರಲಿಲ್ವಾ?"

"ಕಂಬಿ ಕಟ್ಟಿದ್ದೇ ಅವನು."

ಆಗಲ್ಲ ಅಂತ ಗೊತ್ತಿದ್ದೇ ಗೆರೆ ಎಳೆದಿದ್ದ. ಅವಳ ಬಾಯಿ ಮುಚ್ಚಿಸಲೋ, ಒಂದು ದಿನವಾದರೂ ಅವಳ ಮುಖ ಅರಳಲೆಂದೋ. ಅವಳಿಗೆ ಸಿಟ್ಟು ಬಂತು. ಸಿಟ್ಟು ತೀರಿಸಿಕೊಳ್ಳಲಿಕ್ಕೂ ಮನುಷ್ಯ ಬೇಕಲ್ಲ. ಮೈದುನ ಕೆತ್ತಿದ ಜಾಗಕ್ಕೆ ಸಿಮೆಂಟು ಮೆತ್ತಿ ಹೊರಟುಹೋದ.

ಈಗಲೂ ದಿನಾ ಬೆಳಗ್ಗೆ ಮೊದಲ ಬಸ್ಸು ಬರುವ ಮುಂಚೆ ಅವಳು ಒದ್ದೆ ಬಟ್ಟೆ ಹಿಡಿದು ಒಲೆ ಮೇಲಿನ ಗೋಡೆಯ ಮಸಿ ಒರೆಸುತ್ತಾಳೆ. ಚೌಕದ ಹೊರಗೆ ಒರೆಸುತ್ತಾಳೆ, ಒಳಗೆ ಒರೆಸುತ್ತಾಳೆ. ಗೆರೆಗೆ ಬಟ್ಟೆ ತಾಗಿಸುವುದಿಲ್ಲ.