ಭೀಮಶಾನ ಹೆಸರು ಅಳಿಸಲಿಲ್ಲ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶಹಾಬಾದ್ ಕಡೆಯ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಆ ವರ್ಷ ನಮ್ಮಲ್ಲಿಗೆ ಮೊದಲ ಕಂಪ್ಯೂಟರ್ ಬಂತು. ಹೈದರಾಬಾದಿನಲ್ಲಿ ಎರಡು ತಿಂಗಳು ಕಲಿತು ಬಂದವಳು ನಾನೊಬ್ಬಳೇ. ಕಲ್ಲು ಪಾಲಿಶ್ ಮಾಡುವವನ ಮಗಳು ನೂರಜಹಾನ್ ಯಂತ್ರಕ್ಕೆ ಏನು ಹೇಳಿಕೊಟ್ಟಾಳು ಎಂದು ಕೆಲವರು ನಕ್ಕಿದ್ದರು.

ನಾನು ಅದರಲ್ಲಿ ಎರಡು ಪಟ್ಟಿ ಮಾಡಿದೆ. ಒಂದರಲ್ಲಿ ಕಾರ್ಮಿಕರ ಹೆಸರು, ನಂಬರು. ಇನ್ನೊಂದರಲ್ಲಿ ಅವರ ಹೆಂಡತಿ ಮಕ್ಕಳ ಹೆಸರು, ಕಾಯಿಲೆಯ ವಿವರ, ಜೊತೆಗೆ ಆ ಮನೆಯ ಕಾರ್ಮಿಕನ ನಂಬರು. ಎರಡನ್ನೂ ಕೂಡಿಸುವ ಕೊಂಡಿ ಆ ನಂಬರೇ.

ಮಾಡುವಾಗಲೇ ಒಂದು ಭಯ ಹುಟ್ಟಿತು. ಮೊದಲ ಪಟ್ಟಿಯಿಂದ ಒಬ್ಬನನ್ನು ತೆಗೆದರೆ ಎರಡನೆಯದರಲ್ಲಿರುವ ಅವನ ಮನೆಯವರು ಯಾರಿಗೂ ಸೇರದವರಾಗುತ್ತಾರೆ. ಅದೇ ನಂಬರನ್ನು ಹೊಸಬನಿಗೆ ಕೊಟ್ಟರಂತೂ ಅವರು ಆ ಹೊಸಬನ ಮನೆಯವರೇ ಆಗಿಬಿಡುತ್ತಾರೆ. ಅದಕ್ಕೇ ಯಂತ್ರದೊಳಗೇ ನಿಯಮ ಬರೆದೆ. ಮೊದಲ ಪಟ್ಟಿಯಲ್ಲಿ ಇಲ್ಲದ ನಂಬರನ್ನು ಎರಡನೆಯದರಲ್ಲಿ ಬರೆಯುವಂತಿಲ್ಲ. ಎರಡನೆಯದರಲ್ಲಿ ಒಬ್ಬರಾದರೂ ಉಳಿದಿರುವ ತನಕ ಮೊದಲನೆಯದರಲ್ಲಿರುವ ಹೆಸರನ್ನು ಅಳಿಸುವಂತಿಲ್ಲ.

ಒಂದು ದಿನ ಹೆಡ್ ಕ್ಲರ್ಕ್ ಗುಂಡೇರಾಯರು, ತೀರಿಹೋದವರ ಹೆಸರು ತೆಗೆದು ಆ ನಂಬರುಗಳನ್ನು ಹೊಸಬರಿಗೆ ಕೊಡಬೇಕೆಂದು ಪಕ್ಕದಲ್ಲೇ ಕುಳಿತರು. ಭೀಮಶಾ ಎಂಬವನ ಹೆಸರು ಬಂದಾಗ ಯಂತ್ರ ಒಪ್ಪಲಿಲ್ಲ. ಕೆಟ್ಟಿತೇ ಎಂದು ಕೇಳಿದರು.

“ಕೆಟ್ಟಿಲ್ಲರಿ ಸಾಹೇಬ್ರ. ಅವ ಸತ್ತಾನ, ಖರೆ. ಆದ್ರ ಅವನ ನಂಬರಿನ ಮ್ಯಾಲ ಹೇಣ್ತಿ, ಮಗಳು ಇನ್ನೂ ಅದಾರ,” ಎಂದೆ.

ಆ ನಿಯಮವನ್ನೇ ತೆಗೆದುಹಾಕು ಎಂದರು. ಸತ್ತವರ ಮನೆಯವರಿಗೂ ಇಲ್ಲಿ ಚಿಕಿತ್ಸೆ ಇದೆಯಲ್ಲ, ರಜೆಯಲ್ಲಿರುವ ದೊಡ್ಡ ಡಾಕ್ಟರು ಬಂದ ಮೇಲೆ ಕೇಳಿ ತೆಗೆಯುತ್ತೇನೆ ಎಂದೆ. ಅವರು ಮುಖ ಗಂಟಿಕ್ಕಿ ಎದ್ದುಹೋದರು. ನೌಕರಿ ಹೋದಂತೆಯೇ ಎಂದು ಮನೆಯಲ್ಲಿ ಅಬ್ಬಾಗೆ ಹೇಳಿದೆ.

ವಾರದೊಳಗೆ ಭೀಮಶಾನ ಹೆಂಡತಿ ಶರಣಮ್ಮ, ಜ್ವರದಿಂದ ಸುಡುತ್ತಿದ್ದ ಮಗಳನ್ನು ಹೊತ್ತು ಬಂದಳು. ಬದಲಿ ಡಾಕ್ಟರು ಪೆನ್ಸಿಲಿನ್ ಸೂಜಿ ಬರೆದರು. ಚೀಟಿ ನನ್ನ ಮೇಜಿಗೆ ಬಂತು. ಭೀಮಶಾನ ನಂಬರು ಒತ್ತಿದೆ. ಮಗಳ ಹೆಸರಿನ ಮುಂದೆ, ಪೆನ್ಸಿಲಿನ್ ಒಗ್ಗುವುದಿಲ್ಲ, ಹಿಂದೊಮ್ಮೆ ಉಸಿರು ಕಟ್ಟಿತ್ತು ಎಂದಿತ್ತು. ಯಾವ ಸೂಜಿಯಿಂದ ಹಾಗಾಗಿತ್ತೆಂದು ತಾಯಿಗೂ ಗೊತ್ತಿರಲಿಲ್ಲ. ನಾನು ಓಡಿದೆ. ನರ್ಸ್ ಸೂಜಿಗೆ ಔಷಧಿ ತುಂಬುತ್ತಿದ್ದಳು. ಅವಳನ್ನು ತಡೆದು, ಪಟ್ಟಿಯಲ್ಲಿದ್ದುದನ್ನು ಡಾಕ್ಟರಿಗೆ ಹೇಳಿದೆ.

ಡಾಕ್ಟರು ಬೇರೆ ಔಷಧಿ ಕೊಟ್ಟರು. ಮೂರು ದಿನಕ್ಕೆ ಹುಡುಗಿ ಎದ್ದು ಕುಳಿತಳು. ಗುಂಡೇರಾಯರು ತಾವಾಗಿಯೇ ಬಂದರು. “ಆ ನಿಯಮ ಇರ್ಲಿ. ನನಗೂ ಒಂದೀಟು ತಿಳಿಸಿ ಹೇಳವ್ವಾ,” ಎಂದು ಕುರ್ಚಿ ಎಳೆದುಕೊಂಡರು.

ಮನೆಗೆ ಹೋಗುವ ದಿನ ಶರಣಮ್ಮ ನನ್ನ ಮೇಜಿನ ಬಳಿ ಬಂದು ನಿಂತಳು. ಗಂಡನ ಹೆಸರು ಉಳಿದಿದ್ದರಿಂದಲೇ ಮಗಳು ಉಳಿದಳೆಂದು ಯಾರೋ ಹೇಳಿದ್ದರಂತೆ.

“ಅವರ ಹೆಸರು ಇದರಾಗ ಇನ್ನೂ ಐತೇನವ್ವಾ?”

ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು, ನಾನು ತೋರಿಸಿದ ಜಾಗವನ್ನು ಮೆಲ್ಲಗೆ ಮುಟ್ಟಿದಳು.

ಆಮೇಲೆ ಇದಕ್ಕಿಂತ ದೊಡ್ಡ ಕೆಲಸಗಳನ್ನು ಎಷ್ಟೋ ಮಾಡಿದೆ. ಆದರೆ ನೀನು ಜೀವನದಲ್ಲಿ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ, ಇಂದಿಗೂ ಎದೆಯುಬ್ಬಿಸಿ ಹೇಳುವುದು ಆ ಒಂದು ಹೆಸರನ್ನು ಅಳಿಸಗೊಡದ ಮಾತನ್ನೇ.