ಸುಣ್ಣದ ಗೋಡೆ, ಸಿಮೆಂಟಿನ ಅಂಗಿ

ಊರಿನವರು ಅವಳನ್ನು ಸುಣ್ಣದಕ್ಕ ಎಂದು ಕರೆಯುತ್ತಿದ್ದರು. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಹಳೆಯ ಮಾತು. ಆ ಬೇಸಿಗೆಯಲ್ಲಿ ಅದು ಮೂಗು ಬಿಟ್ಟು ಕೈಗಿಳಿದಿತ್ತು. ಬೆಳಗಾದರೆ ಉಳಿ, ಸುತ್ತಿಗೆ ಹಿಡಿದು ದಿಬ್ಬದ ಮೇಲಿನ ಪಾಳು ಚರ್ಚಿಗೆ ಹೋಗಿ, ಉತ್ತರದ ಗೋಡೆಯ ಸಿಮೆಂಟನ್ನು ಕೆತ್ತಿ ಕೆಡವುತ್ತಿದ್ದಳು.

ಆ ಚರ್ಚು ಒಂದೇ ಉಸಿರಿಗೆ ಎದ್ದ ಕಟ್ಟಡವಲ್ಲ. ಮೊದಲು ಇದ್ದದ್ದು ಉದ್ದನೆಯ ಒಂದೇ ಕೋಣೆ, ಮಾರು ದಪ್ಪದ ಕಲ್ಲುಗೋಡೆ, ಎತ್ತರದಲ್ಲಿ ಕಿರಿದಾದ ಕಮಾನಿನ ಕಿಟಕಿಗಳು. ಒಕ್ಕಲು ಹೆಚ್ಚಿದಾಗ ದಕ್ಷಿಣದ ಗೋಡೆ ಕೊರೆದು ಕಂಬಗಳ ಸಾಲು ನಿಲ್ಲಿಸಿ, ಆಚೆಗೆ ಮೊಗಸಾಲೆ ಇಳಿಸಿದರು. ಹಾಡುವವರಿಗೆ ಮರದ ಅಟ್ಟ ಬಂತು. ಕೊನೆಗೆ ಉಳ್ಳವರೊಬ್ಬರು ಗಂಟೆಗೋಪುರ ಕಟ್ಟಿಸಿದರು. ಅದು ಹಳೆಯ ಗೋಡೆಗೆ ಬೆಸೆದುಕೊಳ್ಳಲೇ ಇಲ್ಲ. ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ ಸುಮ್ಮನೆ ಮೈ ಆನಿಸಿ ನಿಂತಿತ್ತು.

ಇಷ್ಟನ್ನೂ ಹಿಡಿದಿಟ್ಟದ್ದು ಅವಳ ಮನೆಯ ಸುಣ್ಣ. ಅಜ್ಜನ ಅಜ್ಜ ಕಲ್ಲು ಸುಟ್ಟು, ಹೊಂಡದಲ್ಲಿ ನೀರು ಕುಡಿಸಿ, ಬೆಣ್ಣೆಯಾಗುವ ತನಕ ಕಾದು ಕೊಟ್ಟ ಸುಣ್ಣ. ಅಪ್ಪ ಹೋದ ಮೇಲೆ ಪ್ರತಿ ಬೇಸಿಗೆ ಸೆರಗು ಬಿಗಿದು ಏಣಿ ಹತ್ತಿ ಹೊರಗೋಡೆಗೆ ಬಳಿಯುತ್ತಿದ್ದವಳು ಅವಳೇ. ಸುಣ್ಣದ ಗೋಡೆ ಮಳೆ ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ.

ಒಂದು ವರ್ಷ ಏಣಿಯಿಂದ ಜಾರಿ ಸೊಂಟ ಉಳುಕಿತು. ಸುಧಾರಿಸಿಕೊಳ್ಳಲೆಂದು ಮಗಳ ಮನೆಗೆ ಹೋದಳು. ಗಾರೆ ಕೆಲಸದ ತಮ್ಮ, ಅಕ್ಕ ಮರಳುವಷ್ಟರಲ್ಲಿ ಇಡೀ ಹೊರಗೋಡೆಗೆ ಸಿಮೆಂಟು ಮೆತ್ತಿದ.

"ಇನ್ನು ನೀನು ಹತ್ತಿ ಇಳಿಯೋದು ಬೇಡ ಕಣಕ್ಕ. ಗೋಡೆಗೆ ಮಳೆ ಅಂಗಿ ಹಾಕ್ಸಿದೀನಿ, ನೋಡು."

ಊರೇ ಹೊಗಳಿತು. ಸಿಮೆಂಟಿನ ಬಿರುಕಲ್ಲಿ ಒಳಹೊಕ್ಕ ನೀರಿಗೆ ಮಾತ್ರ ಹೊರಬರುವ ದಾರಿ ಸಿಗಲಿಲ್ಲ. ಒಳಗೋಡೆ ಬೆವರತೊಡಗಿತು. ಅಟ್ಟದ ತೊಲೆಗಳ ತುದಿ ಕೊಳೆಯಿತು. ಪೀಠದ ಮೇಲೆ ಗಿಲಾವು ಹಪ್ಪಳದಂತೆ ಕಳಚಿ ಬಿತ್ತು. ಪೂಜೆ ರಸ್ತೆ ಬದಿಯ ಹೊಸ ಪ್ರಾರ್ಥನಾ ಹಾಲ್‌ಗೆ ಹೋಯಿತು, ಗಂಟೆಯೂ ಹೋಯಿತು. ತಮ್ಮ ಗೋಡೆಯನ್ನು ತಟ್ಟಿ ನೋಡಿ ಅವಳೊಬ್ಬಳ ಕಿವಿಗೆ ಹೇಳಿದ್ದ: "ನನ್ನ ಸಿಮೆಂಟೇ ತಿಂತಕ್ಕ."

ಆಗಲೂ ಅವಳು ಇಷ್ಟು ಉರಿದಿರಲಿಲ್ಲ. ಉರಿದದ್ದು ಹೊಸ ಹಾಲ್‌ನಲ್ಲಿ ಚರ್ಚಿನ ಸಭೆ ಸೇರಿದ ದಿನ. ಮಳೆಗೆ ಮುಂಚೆ ಕಟ್ಟಡ ಕೆಡವಬೇಕೆಂದು ಪಾದ್ರಿ ಹೇಳಿದರು.

"ಹಳೇ ಸುಣ್ಣ. ಎಷ್ಟು ಕಾಲ ಅಂತ ತಡೆಯುತ್ತೆ?"

"ಸುಡೋವಾಗ್ಲೇ ಅರ್ಧ ಬೆಂದಿತ್ತೋ ಏನೋ," ಎಂದ ಹಿಂದಿನ ಬೆಂಚಿನವನೊಬ್ಬ. ನಾಲ್ಕು ಜನ ನಕ್ಕರು.

ಅವಳು ತಮ್ಮನ ಮುಖ ನೋಡಿದಳು. ಅವನು ತನ್ನ ಉಗುರು ನೋಡಿಕೊಂಡ. ಮರುದಿನವೇ ಅವಳು ಉಳಿ ಹಿಡಿದದ್ದು.

ವಾರ ಕಳೆದ ಮೇಲೆ ತಮ್ಮ ದಿಬ್ಬ ಹತ್ತಿ ಬಂದ.

"ಇಳಿಯಕ್ಕ. ಊರೆಲ್ಲ ನಗ್ತಿದೆ."

"ಹಲ್ಲಿರೋರು ನಗ್ತಾರೆ."

"ಹೇಗೂ ಕೆಡವೋ ಗೋಡೆ. ಯಾಕೆ ಸೊಂಟ ಮುರ್ಕೊಳ್ತೀಯ?"

"ಬೀಳೋದಾದ್ರೆ ತನ್ನ ಮುಪ್ಪಿಗೆ ಬೀಳಲಿ. ನಿನ್ನ ಉಪಕಾರಕ್ಕಲ್ಲ."

"ನಿನಗೋಸ್ಕರ ತಾನೇ ಮಾಡಿದ್ದು?"

"ಹೌದು ಮಾರಾಯ. ಅದಕ್ಕೇ ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ. ಆದ್ರೆ ಮನೆ ಸುಣ್ಣದ ಮೇಲೆ ಗೂಬೆ ಕೂರಿಸ್ತಿದ್ರಲ್ಲ, ಆಗ ಬಾಯಿಗೂ ಸಿಮೆಂಟು ಮೆತ್ಕೊಂಡಿದ್ಯಾ?"

"ನಂದೇ ತಪ್ಪು ಅಂದ್ರೆ ನಾಳೆ ನನಗ್ಯಾರು ಕೆಲಸ ಕೊಡ್ತಾರೆ?"

"ಸತ್ತೋರಿಗೆ ಕೆಲಸ ಬೇಡವಲ್ಲ, ಅದಕ್ಕೆ ತಪ್ಪನ್ನ ಅವರ ತಲೆಗೆ ಕಟ್ಟಿಬಿಟ್ಟೆ."

ಅವನು ಕೆಳಗೆ ಬಿದ್ದಿದ್ದ ಸಿಮೆಂಟಿನ ಚೂರೊಂದನ್ನು ಎತ್ತಿ ನೋಡಿ ಎಸೆದ. ಹೊರಡುವಾಗ, "ಭಾನುವಾರ ಹಾಲ್‌ಗೆ ಬಂದು ಹೇಳ್ತೀನಿ," ಎಂದ.

ಭಾನುವಾರ ಅವನ ಹೆಂಡತಿ ಮಾತ್ರ ಬಂದಳು. "ಜ್ವರ ಅತ್ತಿಗೆ," ಎಂದಳು, ನೆಲ ನೋಡುತ್ತ.

ಸುಣ್ಣದಕ್ಕ ತಾನೇ ಎದ್ದು ನಿಂತು ಹೇಳಿದಳು. ಸುಣ್ಣ ಏನು, ಸಿಮೆಂಟು ಏನು, ನೀರು ಎಲ್ಲಿ ಸಿಕ್ಕಿಕೊಂಡಿತು, ಎಲ್ಲ. ಪಾದ್ರಿ ಸಮಾಧಾನದಿಂದಲೇ ಕೇಳಿ, "ತಪ್ಪು ಈಗ ಯಾರದ್ದಾದ್ರೇನಮ್ಮ?" ಎಂದರು.

"ಸುಣ್ಣದ್ದು ಅನ್ನೋವಾಗ ನಿಮಗೆ ಹಾಗನ್ನಿಸಲಿಲ್ಲ, ಫಾದರ್."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಿತು ಹಿಂದಿನ ಬೆಂಚು.

ಅವಳು ಕೆತ್ತುವುದನ್ನು ನಿಲ್ಲಿಸಲಿಲ್ಲ. ಬಿಸಿಲು ಕಲ್ಲಿಗೆ ತಾಕುತ್ತಿದ್ದಂತೆ ಸಂದಿಯ ಸುಣ್ಣದ ತೇವ ಆರಿ, ಕಪ್ಪು ಬೂದಿಬಣ್ಣಕ್ಕೆ ತಿರುಗಿತು, ಬೂದಿಬಣ್ಣ ಬಿಳಿಯಾಯಿತು. ಅದನ್ನು ನೋಡಲು ಯಾರೂ ಬರಲಿಲ್ಲ.

ಬೇಸಿಗೆಯ ಕೊನೆಗೆ ಕೆಡವುವವರು ಬಂದರು. ಗಂಟೆಗೋಪುರ ಮಧ್ಯಾಹ್ನದೊಳಗೆ ಮಲಗಿತು. ಮೊಗಸಾಲೆ ತಾನಾಗಿಯೇ ಕುಸಿಯಿತು. ಉತ್ತರದ ಗೋಡೆಗೆ ಹಾರೆ ಹಾಕಿದರೆ ಹಾರೆ ಪುಟಿದು ಬಂತು. ಕಲ್ಲು ಒಡೆಯುತ್ತಿತ್ತು, ಸಂದಿ ಬಿಡುತ್ತಿರಲಿಲ್ಲ. ಸಂಜೆಯ ತನಕ ಎದೆಮಟ್ಟದ ಒಂದು ಗುಳಿಯಷ್ಟೇ ಆಯಿತು. ಪಾದ್ರಿ ಗೋಡೆಯ ಮುಂದೆ ಕೈಕಟ್ಟಿ ನಿಂತಿದ್ದರು.

ಮೇಸ್ತ್ರಿ ಬೆವರು ಒರೆಸಿಕೊಂಡು, "ಯಾವ ಪುಣ್ಯಾತ್ಮ ಕಟ್ಟಿದ್ದಪ್ಪ ಇದನ್ನ, ಕೈಯೆಲ್ಲ ಬೊಬ್ಬೆ," ಎಂದು ಬೈದ.

"ನಮ್ಮನೆ ಸುಣ್ಣ," ಎಂದ ತಮ್ಮ. ಗುಂಪಿನ ಹಿಂದೆ ಅವನು ಯಾವಾಗ ಬಂದು ನಿಂತಿದ್ದನೋ. "ಸುಣ್ಣದ್ದೇನೂ ತಪ್ಪಿಲ್ಲ. ನನ್ನ ಸಿಮೆಂಟಿಂದ ಕೆಟ್ಟಿದ್ದು."

ಹಿಂದಿನ ಬೆಂಚಿನವನೂ ಅಲ್ಲೇ ಇದ್ದ. ಈ ಸಲ ಯಾರೂ ನಗಲಿಲ್ಲ.

ಸುಣ್ಣದಕ್ಕ ತಿರುಗಿ ನೋಡಲಿಲ್ಲ.

"ಈಗ ಹೇಳು," ಎಂದಳು. "ಅರ್ಧ ಚರ್ಚು ನೆಲಕ್ಕೆ ಬಿದ್ದ ಮೇಲೆ ಹೇಳು."