ಅರ್ಧ ಗುಳಿಗೆ

ದಾಂಡೇಲಿಯ ಬಸಲಿಂಗಯ್ಯನವರ ನೋಟ್‌ಬುಕ್ ಶೆಡ್ಡಿನಲ್ಲಿ ಕಟಿಂಗ್ ಮಷಿನ್ನಿನ ಮುಂದೆ ನಿಲ್ಲುವವನು ಮನ್ಸೂರ. ಮೂವತ್ತೊಂಬತ್ತು ವರ್ಷ, ಮಾತು ಕಡಿಮೆ. ಕಾಗದದ ಕಟ್ಟನ್ನು ಎತ್ತಿ ಮೇಜಿನ ಮೇಲೆ ಎರಡು ಸಲ ಕುಟ್ಟಿ, ಅಂಚು ಕೂಡಿಸಿ, ಬ್ಲೇಡಿನ ಕೆಳಗೆ ತಳ್ಳುತ್ತಾನೆ. ಬ್ಲೇಡು ಇಳಿದು ಮೇಲೇರುವಾಗ ಅವನ ಬೆರಳುಗಳು ಮುಂದಿನ ಕಟ್ಟಿನ ಮೇಲಿರುತ್ತವೆ. ಅವನು ಕತ್ತರಿಸಿದ ಅಂಚಿಗೆ ಅಂಗೈ ಸವರಿದರೆ ಕಾಗದವೆಂದು ತಿಳಿಯುವುದಿಲ್ಲ, ನುಣುಪಾದ ಕಟ್ಟಿಗೆಯೆನಿಸುತ್ತದೆ. ಹಳಿಯಾಳ, ಜೋಯಿಡಾ, ಮುಂಡಗೋಡದ ಅಂಗಡಿಗಳಿಗೆ ಹೋಗುವ ಪುಸ್ತಕಗಳ ಅಂಚೆಲ್ಲ ಅವನದೇ.

ಆ ಜಾಗ ಅವನಿಗೆ ಸುಲಭವಾಗಿ ಸಿಕ್ಕಿದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಫಿಟ್ಸ್ ಶುರುವಾಗಿತ್ತು. ಶೆಡ್ಡಿಗೆ ಬಂದ ಹೊಸದರಲ್ಲಿ ಅಂಟು ಹಚ್ಚುವುದು, ಕಟ್ಟು ಹೊರುವುದು ಇಷ್ಟೇ ಅವನ ಪಾಲಿಗಿತ್ತು. ಧಾರವಾಡದ ಡಾಕ್ಟರಮ್ಮ ಕೊಟ್ಟ ಗುಳಿಗೆಯಿಂದ ಫಿಟ್ಸ್ ನಿಂತು ಐದು ವರ್ಷ ಕಳೆದ ಮೇಲೆ, ಅವರ ಚೀಟಿ ನೋಡಿ ಬಸಲಿಂಗಯ್ಯ ಅವನನ್ನು ಮಷಿನ್ನಿಗೆ ನಿಲ್ಲಿಸಿದರು. ಒಂದೇ ಕರಾರು. ಮತ್ತೆ ಎಂದಾದರೂ ಫಿಟ್ಸ್ ಬಂದರೆ ಅವನೇ ಬಂದು ಹೇಳಬೇಕು, ಹೇಳಿ ಮಷಿನ್ ಬಿಡಬೇಕು. ಮನ್ಸೂರ ಒಪ್ಪಿದ್ದ. ಅದಾಗಿ ಏಳು ವರ್ಷ.

ಈ ಮಾರ್ಚಿನಲ್ಲಿ ಅವನು ದಿನಾ ನುಂಗುವ ಕಂಪನಿಯ ಗುಳಿಗೆ ಊರಿಗೆ ಬರುವುದು ತಡವಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಜೆನೆರಿಕ್ ಅಂಗಡಿಯಲ್ಲಿ ಅದೇ ಔಷಧ ಮೂರನೆಯ ಒಂದು ಪಾಲು ಬೆಲೆಗೆ ಇತ್ತು. ಅಂಗಡಿಯವನು ಚೀಟಿಯನ್ನು ಎರಡು ಸಲ ಓದಿ ಹೇಳಿದ:

“ಔಷಧ ಅದ ಐತ್ರಿ, ಹೆಸರಷ್ಟ ಬ್ಯಾರೆ. ಆದ್ರ ಫಿಟ್ಸಿನ ಗುಳಿಗಿ ಇದು. ಬದಲಿ ಮಾಡೂ ಮುಂಚೆ ಡಾಕ್ಟರಿಗೆ ಒಂದು ಫೋನ್ ಮಾಡ್ರಿ.”

ಮನ್ಸೂರ ಹೂಂ ಎಂದ. ಫೋನ್ ಮಾಡಲಿಲ್ಲ. ಅಷ್ಟು ದೊಡ್ಡ ಡಾಕ್ಟರಿಗೆ ಇಷ್ಟು ಸಣ್ಣದಕ್ಕೆ ಫೋನ್ ಮಾಡುವುದು ಅವನಿಗೆ ಸರಿಯೆನಿಸಲಿಲ್ಲ.

ಮನೆಯಲ್ಲಿ ಹೆಂಡತಿ ಇಶ್ರತ ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಹಳೆಯದು ಉದ್ದ, ತುಸು ಗುಲಾಬಿ. ಹೊಸದು ದುಂಡಗೆ, ಬಿಳಿ. ಇಷ್ಟು ಅಗ್ಗದ್ದು ಅಷ್ಟೇ ಕೆಲಸ ಮಾಡುತ್ತದೆಂದು ಹೇಗೆ ನಂಬುವುದು ಎಂದು ಉರ್ದುವಿನಲ್ಲಿ ಕೇಳಿದಳು. ಅಂಗಡಿಯವನು ಓದಿದವನು ಎಂದು ಮನ್ಸೂರ ವಾದಿಸಿದನಾದರೂ ಅವನ ಮನಸ್ಸಿನಲ್ಲೂ ಅದೇ ಅಳುಕಿತ್ತು. ಡಬ್ಬಿಯಲ್ಲಿ ಹಳೆಯ ಗುಳಿಗೆ ಇನ್ನೂ ಇಪ್ಪತ್ತು ಉಳಿದಿದ್ದವು.

ಶೆಡ್ಡಿನಲ್ಲಿ ಒಂದು ರೂಢಿಯಿದೆ. ಕಾಗದದ ಹೊಸ ಲಾಟು ಬಂದಾಗ ಬಣ್ಣ ಹಳೆಯದಕ್ಕೆ ಸರಿಹೊಂದುವುದಿಲ್ಲ. ಒಂದು ತುಸು ಹಳದಿ, ಒಂದು ನೀಲಿ ಬಿಳುಪು. ಹಾಗೇ ಕಟ್ಟಿದರೆ ಪುಸ್ತಕದ ನಡುವೆ ಗೆರೆ ಎಳೆದಂತೆ ಕಾಣುತ್ತದೆ, ಅಂಗಡಿಯವರು ವಾಪಸು ಕಳಿಸುತ್ತಾರೆ. ಅದಕ್ಕೆ ಮನ್ಸೂರ ಹಳೆಯ ಹಾಳೆಗೊಂದು ಹೊಸ ಹಾಳೆ ಬೆರೆಸಿ ಕತ್ತರಿಸುತ್ತಾನೆ. ಅಂಚು ಒಂದೇ ಬಣ್ಣಕ್ಕೆ ಬರುತ್ತದೆ. ಲಾಟು ಬದಲಾದದ್ದು ಯಾರಿಗೂ ತಿಳಿಯುವುದಿಲ್ಲ.

ಗುಳಿಗೆಗೂ ಅವನು ಅದನ್ನೇ ಮಾಡಿದ. ಎಲ್ಲರೂ ಚಹಾಕ್ಕೆ ಹೋಗಿದ್ದಾಗ, ಪುಸ್ತಕದ ಬೆನ್ನಿನ ಬಟ್ಟೆ ಕೊರೆಯುವ ತೆಳು ಚಾಕುವಿನಿಂದ ಎರಡೂ ಬಗೆಯ ಗುಳಿಗೆಗಳನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ ಒಂದು ಪೊಟ್ಟಣದಲ್ಲಿ ಕಟ್ಟಿಕೊಂಡ. ಬೆಳಿಗ್ಗೆ ಹಳೆಯದು ಅರ್ಧ, ಹೊಸದು ಅರ್ಧ. ಸಂಜೆಯೂ ಹಾಗೇ. ಇಪ್ಪತ್ತು ದಿನ ಹೀಗೆ ನಡೆಸಿದರೆ ಮೈಗೆ ಸುಳಿವು ಸಿಗದಂತೆ ಹೊಸದಕ್ಕೆ ಬಂದುಬಿಡಬಹುದು ಎಂಬುದು ಅವನ ಲೆಕ್ಕ. ಇಶ್ರತಳಿಗೂ ಹೇಳಲಿಲ್ಲ.

ನುಂಗಿದ ತಾಸಿಗೆ ಕಣ್ಣು ಭಾರವಾಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ತಲೆಯೊಳಗೆ ಟ್ಯೂಬ್‌ಲೈಟು ಮಿನುಗಿದಂತೆ ಆಗಿ ಸುಮ್ಮನಾಗುತ್ತಿತ್ತು. ಬಿಸಿಲು ಎಂದುಕೊಂಡ.

ಒಂಬತ್ತನೆಯ ದಿನ ರವಿವಾರ. ನಲ್ಲಿಗೆ ನೀರು ಬಂದಿತ್ತು, ಕೊಡ ಹಿಡಿದಿದ್ದ. ಅವನಿಗೆ ನೆನಪಿರುವುದು ಅಷ್ಟೇ. ಕಣ್ಣು ತೆರೆದಾಗ ಅಂಗಳದಲ್ಲಿ ಮಗ್ಗುಲಾಗಿ ಮಲಗಿದ್ದ. ತಲೆಯ ಕೆಳಗೆ ಇಶ್ರತಳ ದುಪಟ್ಟಾ ಮಡಚಿಟ್ಟಿತ್ತು, ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತದ ರುಚಿ. ಗಡಿಯಾರ ನೋಡಿಕೊಂಡಿದ್ದ ಅವಳು ಫಿಟ್ಸ್ ಎರಡು ನಿಮಿಷ ಇತ್ತು ಎಂದಳು. ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಬಿಳಿ ಗುಳಿಗೆಯ ಮೇಲೆ ಅವಳು ಮಾಡಿದ ಸಿಟ್ಟನ್ನು ಅವನು ಮಲಗಿದಲ್ಲೇ ಕೇಳಿಸಿಕೊಂಡ.

ಮರುದಿನ ಧಾರವಾಡಕ್ಕೆ ಹೋದರು. ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರಮ್ಮ ಕೇಳಿದಾಗ ಮನ್ಸೂರ ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಅವರು ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು.

“ಯಾರು ಕತ್ತರಿಸಿದ್ದು ಇದನ್ನ?”

“ನಾನ ರೀ.”

“ಛಲೋ ಕತ್ತರಿಸೀರಿ. ಯಾಕ ಕತ್ತರಿಸಿದ್ರಿ?”

ಅವನು ಕಾಗದದ ಲಾಟಿನ ವಿಷಯ ಹೇಳಿದ. ಇಶ್ರತ ಅವನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಪೂರ್ತಿ ಕೇಳಿದರು, ನಗಲಿಲ್ಲ.

“ಪುಸ್ತಕಕ್ಕ ಆಗತೈತಿ ಅದು, ಮಿದುಳಿಗೆ ಆಗೂದಿಲ್ಲ. ಈ ಗುಳಿಗಿ ಹೊಟ್ಟ್ಯಾಗ ಸಾವಕಾಶ ಕರಗಲಿ ಅಂತನ ಹಿಂಗ ಮಾಡಿರ್ತಾರ. ಕತ್ತರಿಸಿದ್ರ ಒಮ್ಮೆಲೆ ಕರಗಿ, ಮುಂದಿನ ಹೊತ್ತಿಗೆ ಏನೂ ಉಳಿಯೂದಿಲ್ಲ.”

ಹಾಗಾದರೆ ಬಿಳಿ ಗುಳಿಗೆಯದು ತಪ್ಪಿಲ್ಲವೇ ಎಂದು ಇಶ್ರತ ಕೇಳಿದಳು. ತಪ್ಪು ಅದರದಲ್ಲ, ಎರಡರಲ್ಲೂ ಔಷಧ ಒಂದೇ ಎಂದರು ಡಾಕ್ಟರಮ್ಮ. ಯಾವುದನ್ನಾದರೂ ತೆಗೆದುಕೊಳ್ಳಬಹುದು. ಆದರೆ ಒಂದನ್ನು ಹಿಡಿದರೆ ಅದನ್ನೇ, ಅದೇ ಕಂಪನಿಯದನ್ನೇ ಇಡಿಯಾಗಿ ನುಂಗಬೇಕು. ಬದಲಿಸುವುದಿದ್ದರೆ ಮೊದಲು ತಮಗೆ ತಿಳಿಸಬೇಕು. ಇನ್ನು ಬ್ಲೇಡಿನ ಹತ್ತಿರ ಒಂದು ವರ್ಷ ಹೋಗುವಂತಿಲ್ಲ.

ಯಾವುದು ಬೇಕು ಎಂದು ಅವರು ಕೇಳಿದಾಗ ಮನ್ಸೂರ ಬಿಳಿಯದನ್ನು ತೋರಿಸಿದ. ಊರಲ್ಲಿ ಅದು ತಪ್ಪದೆ ಸಿಗುತ್ತದೆ ಎಂದ. ವಾಪಸು ಬರುವಾಗ ಹಳಿಯಾಳದಲ್ಲಿ ಬಸ್ಸು ನಿಂತಾಗ ಇಶ್ರತ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಒಂದು ಮಾತು ಹೇಳಿದಳು. ಬಿದ್ದದ್ದು ಮನೆಯ ಅಂಗಳದಲ್ಲಿ, ಕಂಡವಳು ತಾನೊಬ್ಬಳೇ. ಶಾಲೆ ಶುರುವಾಗುವ ಮುಂಚಿನ ಸುಗ್ಗಿ ಇದು. ಶೆಡ್ಡಿನಲ್ಲಿ ಹೇಳಲೇಬೇಕೆ?

ಮಂಗಳವಾರ ಬೆಳಿಗ್ಗೆ ಕಟ್ಟುಗಳು ಅವನಿಗಾಗಿ ಕಾದಿದ್ದವು. ಅವನು ಮೊದಲ ಕಟ್ಟನ್ನು ಎತ್ತಿದ, ಮೇಜಿಗೆ ಕುಟ್ಟಿದ, ಅಂಚು ಕೂಡಿಸಿದ. ಬ್ಲೇಡಿನ ಕೆಳಗೆ ತಳ್ಳಲಿಲ್ಲ. ಅದನ್ನು ಅಲ್ಲೇ ಇಟ್ಟು ಬಸಲಿಂಗಯ್ಯನವರ ಕುರ್ಚಿಯ ಹತ್ತಿರ ಹೋಗಿ ನಿಂತ.

“ಅಯ್ಯನವ್ರ, ರವಿವಾರ ಫಿಟ್ಸ್ ಬಂದಿತ್ರಿ.”

ಬಸಲಿಂಗಯ್ಯ ಕನ್ನಡಕ ತೆಗೆದರು.

“ಯಾರರೆ ನೋಡ್ಯಾರೇನು?”

“ಮನೀಯಾಕಿ ಒಬ್ಬಾಕೀನ ರೀ.”

“ಎಂಟು ಸಾವಿರ ಪುಸ್ತಕ ಹೋಗೂದೈತಿ ಈ ತಿಂಗಳಾಗ. ನೀ ಸುಮ್ಮನಿದ್ದಿದ್ರ ನನಗ ಗೊತ್ತಾಗ್ತಿದ್ದಿಲ್ಲಲ್ಲೋ.”

“ಮಂದಿ ನೋಡಿಲ್ಲಂತ ಬ್ಲೇಡ ಬಿಡತೈತೇನ್ರಿ.”

ಬಸಲಿಂಗಯ್ಯ ಕನ್ನಡಕವನ್ನು ಧೋತರದ ಅಂಚಿಗೆ ಉಜ್ಜಿ ಹಾಕಿಕೊಂಡರು. ಆಮೇಲೆ ಹೊಲಿಗೆ ಮಷಿನ್ನಿನಲ್ಲಿದ್ದ ಜ್ಯೋತಿಯನ್ನು ಕರೆದರು. ಶೆಡ್ಡಿಗೆ ಸೇರಿ ನಾಲ್ಕು ವರ್ಷವಾಗಿದ್ದ ಅವಳು ಮನ್ಸೂರನಿಗೆ ಜ್ವರ ಬಂದ ದಿನಗಳಲ್ಲಿ ಎರಡು ಮೂರು ಸಲ ಕಟಿಂಗ್ ಮಾಡಿದ್ದಳು. ಇವತ್ತಿನಿಂದ ಮಷಿನ್ ಅವಳದು, ಹೊಲಿಗೆ ಮನ್ಸೂರನದು ಎಂದರು. ಇಬ್ಬರ ಪಗಾರವೂ ಇದ್ದಷ್ಟೇ.

ಜ್ಯೋತಿ ಸೆರಗು ಸಿಕ್ಕಿಸಿಕೊಂಡು ಬಂದು ಮಷಿನ್ನಿನ ಮುಂದೆ ನಿಂತಳು.

“ಮನ್ಸೂರ ಭಾಯ್, ನೀವು ಹಿಂದ ನಿಂತು ನೋಡಾಕತ್ತಿದ್ರ ನನ್ನ ಅಂಚು ಸೊಟ್ಟ ಬರತೈತಿ, ನೀವು ನಗತೀರಿ. ಹೋಗ್ರಿ, ದಾರ ಪೋಣಸ್ರಿ. ಹೊಲಿಗಿ ಸೊಟ್ಟ ಬಂದ್ರ ನಾನೂ ನಗತೇನಿ.”

ಅವನು ಹೋಗಿ ಹೊಲಿಗೆ ಮಷಿನ್ನಿನ ಸ್ಟೂಲಿನ ಮೇಲೆ ಕುಳಿತ. ಸೂಜಿಗೆ ದಾರ ಮೂರನೆಯ ಸಲಕ್ಕೆ ಹೋಯಿತು. ಬೆನ್ನ ಹಿಂದೆ ಬ್ಲೇಡು ಇಳಿದ ಸಪ್ಪಳ ಬಂತು. ತನ್ನ ಕೈಯಲ್ಲಿ ಅದು ಇಳಿಯುತ್ತಿದ್ದುದಕ್ಕಿಂತ ತುಸು ನಿಧಾನ. ಅವನು ತಿರುಗಿ ನೋಡಲಿಲ್ಲ. ಮೊದಲ ಪುಸ್ತಕದ ಹೊಲಿಗೆ ಸೊಟ್ಟಗೇ ಬಂತು. ದಾರ ಬಿಚ್ಚಿ ಮತ್ತೆ ಹೊಲಿಯತೊಡಗಿದ.